ದೂರದ ಸ್ಟೇಷನ್ ಕೇಳಲು ಹೊರಗಿನ ಆಂಟೆನಾ: ಮೊದಲು ಗದ್ದಲ ಹುಡುಕಿ, ಆಮೇಲೆ ತಂತಿ ಕಟ್ಟಿ

"ಇಪ್ಪತ್ತು ಮೀಟರ್ ವಾಯರ್ ತಂದು ಮಾಳಗಿ ಮ್ಯಾಲ ಕಟ್ಟೇವ್ರಿ ಸರ್. ಸ್ಟೇಷನ್ ಏನೂ ಹೆಚ್ಚಾಗಿಲ್ರಿ, ಗರ್ ಅನ್ನೂದು ಮಾತ್ರ ಜಾಸ್ತಿ ಆಗೇತ್ರಿ."

ಬಾಗಲಕೋಟೆ, ವಿಜಯಪುರ ಕಡೆಯಿಂದ ನನಗೆ ಬರುವ ಫೋನುಗಳಲ್ಲಿ ಹೆಚ್ಚುಕಡಿಮೆ ಇದೇ ಮಾತು. ನಾನು ತಿರುಗಿ ಕೇಳುವುದೂ ಒಂದೇ ಪ್ರಶ್ನೆ: ತಂತಿ ಕಟ್ಟುವ ಮೊದಲು ಆ ಗರಗರ ಎಲ್ಲಿಂದ ಬರುತ್ತಿದೆ ಅಂತ ನೋಡಿದ್ರಾ? ನೋಡಿದೆ ಅಂದವರು ಬಹಳ ಕಡಿಮೆ.

ತಂತಿಗೆ ಸ್ಟೇಷನ್ ಯಾವುದು, ಗದ್ದಲ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಹಿಡಿದು ತಂದು ರೇಡಿಯೋಗೆ ಸುರಿಯುತ್ತದೆ. ಮನೆಯ ಮಾಳಿಗೆ ಮೇಲೆ, ಎಲ್‌ಇಡಿ ಬಲ್ಬು ಮತ್ತು ಇನ್ವರ್ಟರಿನ ನೆತ್ತಿಯ ಮೇಲೆ ಕಟ್ಟಿದ ತಂತಿ ಎಷ್ಟು ಉದ್ದ ಇದ್ದರೂ ಗದ್ದಲವನ್ನೇ ತರುತ್ತದೆ. ಅದಕ್ಕೇ ಇಲ್ಲಿ ಕೆಲಸದ ಸರದಿ ಮುಖ್ಯ. ತಂತಿ ಏರುವುದು ಆರನೇ ಹಂತದಲ್ಲಿ. ಅದಕ್ಕಿಂತ ಮೊದಲಿನ ಐದನ್ನು ಹಾರಿಸಬೇಡಿ.

ಇದು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್‌ಗೆ ಹೇಳುತ್ತಿರುವ ವಿಧಾನ. ಎಫ್‌ಎಂ ಆಂಟೆನಾದ ಲೆಕ್ಕವೇ ಬೇರೆ.

## ಮೊದಲು ಸಾಮಾನು ಕೂಡಿಸಿ

ಒಂದು ಬಿಟ್ಟರೆ ಉಳಿದದ್ದೆಲ್ಲ ತಾಲ್ಲೂಕು ಊರಿನಲ್ಲೇ ಸಿಗುತ್ತದೆ.

- ಮನೆ ವೈರಿಂಗಿಗೆ ಬಳಸುವ 1.5 ಸ್ಕ್ವೇರ್ ಎಂಎಂ ತಾಮ್ರದ ವೈರು, 30 ಮೀಟರ್. ಮೇಲಿನ ಪ್ಲಾಸ್ಟಿಕ್ ಸುಲಿಯುವುದು ಬೇಡ, ಅದರಿಂದ ಸಿಗ್ನಲ್‌ಗೆ ಅಡ್ಡಿಯಿಲ್ಲ.
- ಮೊಟ್ಟೆ ಆಕಾರದ ಪಿಂಗಾಣಿ ಇನ್ಸುಲೇಟರ್ ಎರಡು. ಸಿಗದಿದ್ದರೆ ಗೇಣುದ್ದದ ಪಿವಿಸಿ ಪೈಪಿನ ತುಂಡಿಗೆ ಎರಡೂ ತುದಿಯಲ್ಲಿ ತೂತು ಹಾಕಿ ಬಳಸಿ.
- ಗಟ್ಟಿ ಹಗ್ಗ, ಒಂದು ಸಣ್ಣ ರಾಟೆ, ಐದು ಲೀಟರಿನ ಖಾಲಿ ಕ್ಯಾನ್.
- ತಾಮ್ರದ ಲೇಪನವಿರುವ ಅರ್ಥಿಂಗ್ ರಾಡ್ ಎರಡು, 1.2 ಮೀಟರ್ ಉದ್ದದ್ದು. ಕ್ಲ್ಯಾಂಪ್ ಸಮೇತ.
- ಡಿಶ್ ಟಿವಿಗೆ ಹಾಕುವ ಆರ್‌ಜಿ-6 ಕೇಬಲ್, ಅದರ ತಿರುಗಿಸುವ ಎಫ್ ಕನೆಕ್ಟರ್‌ಗಳು ಮತ್ತು ಬಾಕ್ಸಿಗೆ ಕೂರಿಸುವ ಒಂದು ಎಫ್ ಸಾಕೆಟ್.
- ಎನಾಮಲ್ ಲೇಪವಿರುವ ತಾಮ್ರದ ತಂತಿ ಎರಡು ಮೀಟರ್. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ಯಾವ ಅಂಗಡಿಯಲ್ಲಾದರೂ ಕೇಳಿ, ತುಂಡು ಸಿಗುತ್ತದೆ.
- ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್, ರಬ್ಬರ್ ಟೇಪ್, ಮಲ್ಟಿಮೀಟರ್, ಸಾಲ್ಡರಿಂಗ್ ಐರನ್, ಕಟಿಂಗ್ ಪ್ಲೇಯರ್, ಸುತ್ತಿಗೆ.
- ಸೆಲ್ ಹಾಕಿ ನಡೆಸಬಹುದಾದ ರೇಡಿಯೋ. ಇದು ಇಲ್ಲದೆ ಮೊದಲ ಹಂತವೇ ಆಗುವುದಿಲ್ಲ.

ಹೊರಗಿನಿಂದ ತರಿಸಬೇಕಾದ್ದು ಫೆರೈಟ್ ಉಂಗುರ ಮಾತ್ರ, ಹಂತ 4ರ ಟ್ರಾನ್ಸ್‌ಫಾರ್ಮರ್ ಸುತ್ತಲು. 43 ನಂಬರಿನ ಮೆಟೀರಿಯಲ್, ಸುಮಾರು 1.4 ಇಂಚು ಅಗಲದ್ದು ಕೇಳಿ. ಹಳೇ ಕಂಪ್ಯೂಟರ್ ಪವರ್ ಸಪ್ಲೈ ಬಿಚ್ಚಿ ಹಳದಿ-ಬಿಳಿ ಬಣ್ಣದ ಉಂಗುರ ತೆಗೆದು ಬಳಸುವವರು ಬಹಳ ಜನ. ಅದು ಕಬ್ಬಿಣದ ಪುಡಿಯದ್ದು, ಈ ಕೆಲಸಕ್ಕೆ ಬರುವುದಿಲ್ಲ. ತಂತಿ, ರಾಡ್, ಎಲ್ಲ ಸರಿ ಇದ್ದೂ ಮೀಡಿಯಂ ವೇವ್ ಸತ್ತುಹೋದಂತೆ ಇದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದರ ಮೇಲೆ.

## ಹಂತ 1: ಗದ್ದಲದ ಮೂಲ ಹುಡುಕಿ

ರಾತ್ರಿ ಎಂಟರ ಮೇಲೆ ಸೆಲ್ಲಿನ ರೇಡಿಯೋ ಹಿಡಿದು ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ. ಮನೆಯ ಮೇನ್ ಸ್ವಿಚ್ ಇಳಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ. ಈಗ ಕೇಳುವ ಸದ್ದನ್ನು ಗಮನವಿಟ್ಟು ಕೇಳಿ. ಆಮೇಲೆ ಮೇನ್ ಏರಿಸಿ, ಒಂದೊಂದೇ ಎಂಸಿಬಿ, ಒಂದೊಂದೇ ಬಲ್ಬು, ಒಂದೊಂದೇ ಚಾರ್ಜರ್ ಹಾಕುತ್ತಾ ಹೋಗಿ. ಯಾವುದಕ್ಕೆ ಗರಗರ ಏರಿತೋ ಅದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಸೋಲಾರ್ ಇನ್ವರ್ಟರ್ ಇವೇ ಸಾಮಾನ್ಯವಾಗಿ ಸಿಕ್ಕಿಬೀಳುತ್ತವೆ.

ಊರಿಗೆಲ್ಲ ಕರೆಂಟ್ ಹೋದ ಹೊತ್ತು ಇನ್ನೂ ಒಳ್ಳೆಯದು. ಆಗ ಹೊರಗೆ ಹೋಗಿ ಮನೆ ಸುತ್ತ, ಹಿತ್ತಲು, ಹೊಲದ ಬದು ಎಲ್ಲ ಸುತ್ತಿ ಕೇಳಿ. ಕರೆಂಟ್ ಬಂದ ಮೇಲೆ ಅದೇ ದಾರಿಯಲ್ಲಿ ಮತ್ತೊಮ್ಮೆ ಸುತ್ತಿ. ಎರಡಕ್ಕೂ ಎಲ್ಲಿ ವ್ಯತ್ಯಾಸ ಅತಿ ಕಡಿಮೆಯೋ ಅದು ನಿಮ್ಮ ಆಂಟೆನಾದ ಜಾಗ.

ಸದ್ದಿನ ಸ್ವಭಾವವೂ ಸುಳಿವು ಕೊಡುತ್ತದೆ. ಒಂದೇ ಸಮನೆ ಗುಂಯ್ ಅಂದರೆ ಅಡಾಪ್ಟರ್ ಅಥವಾ ಬಲ್ಬು. ಚರಚರ ಅಂತ ಬಿಟ್ಟು ಬಿಟ್ಟು ಬಂದು, ಕರೆಂಟ್ ಕಂಬದ ಹತ್ತಿರ ಹೋದಂತೆ ಜೋರಾದರೆ ಕಂಬದ ಇನ್ಸುಲೇಟರ್ ಅಥವಾ ಸಡಿಲ ಜಾಯಿಂಟಿನಲ್ಲಿ ಕಿಡಿ ಹಾರುತ್ತಿರಬಹುದು. ಅದಕ್ಕೆ ನೀವು ಕೈ ಹಾಕಬೇಡಿ, ಕರೆಂಟ್ ಕಂಪನಿಯ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ ಕಂಬದ ನಂಬರ್ ಹೇಳಿ.

ಸೆಕೆಂಡಿಗೊಮ್ಮೆ ಟಕ್, ಟಕ್ ಅಂದರೆ ಅದು ಬೇಲಿಯ ಝಟಕಾ ಮಷೀನ್. ಸಿಂದಗಿ ಕಡೆಯ ಒಂದು ತೋಟದ ಮನೆಯಲ್ಲಿ ಎರಡು ಸಂಜೆ ನಾನು ಇದರ ಹಿಂದೆ ಬಿದ್ದಿದ್ದೆ. ಕೊನೆಗೆ ರೇಡಿಯೋ ಹಿಡಿದು ಬದುವಿನ ಗುಂಟ ನಡೆದರೆ, ಪಕ್ಕದ ಹೊಲದ ಬೇಲಿ ತಂತಿಗೆ ಹಸಿ ಹುಲ್ಲು ತಾಗಿಕೊಂಡಿತ್ತು. ಕತ್ತಲಲ್ಲಿ ಅಲ್ಲಿ ಸಣ್ಣ ನೀಲಿ ಕಿಡಿ ಕಣ್ಣಿಗೇ ಕಾಣುತ್ತಿತ್ತು. ಮರುದಿನ ಹೊಲದವರು ಮಷೀನ್ ಆರಿಸಿ ಹುಲ್ಲು ತೆಗೆದರು. ಟಕ್ ಅನ್ನುವುದು ತುಂಬ ಇಳಿಯಿತು, ಅವರ ಬೇಲಿಗೂ ಪೂರ್ತಿ ಝಟಕಾ ಬಂತು.

## ಹಂತ 2: ಜಾಗ ಗುರುತು ಮಾಡಿ

ಗದ್ದಲ ಕಡಿಮೆ ಇರುವ ಜಾಗ ಸಿಕ್ಕಿತು. ಈಗ ತಲೆ ಎತ್ತಿ ನೋಡಿ. ಕರೆಂಟ್ ಲೈನ್ ಎಲ್ಲೆಲ್ಲಿದೆ? ಮನೆಗೆ ಬರುವ ಸರ್ವಿಸ್ ವೈರ್, ಪಂಪ್‌ಸೆಟ್ಟಿಗೆ ಎಳೆದ ವೈರ್, ದೂರದ ಹೈಟೆನ್ಷನ್ ಲೈನ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನಿಯಮ ಇದು. ತಂತಿ ಒಂದು ತುದಿಯಲ್ಲಿ ಕಡಿದು ಗಾಳಿಗೆ ಬೀಸಿದರೆ ಇನ್ನೊಂದು ತುದಿಯಿಂದ ಅದು ತನ್ನ ಪೂರ್ತಿ ಉದ್ದಕ್ಕೆ ಎಟುಕುತ್ತದೆ. 20 ಮೀಟರ್ ತಂತಿಯಾದರೆ, ಎರಡೂ ತುದಿಯಿಂದ ಸುತ್ತಲೂ 20 ಮೀಟರ್ ದೂರದೊಳಗೆ ಯಾವ ಕರೆಂಟ್ ಲೈನೂ ಇರಬಾರದು. ಆಂಟೆನಾಗೆ ಕಂಬ ನೆಟ್ಟರೆ, ಅದರ ಎತ್ತರದ ಒಂದೂವರೆ ಪಟ್ಟು ದೂರದೊಳಗೂ ಲೈನ್ ಇರಬಾರದು. ಲೈನಿನ ಮೇಲಿಂದ ಅಥವಾ ಕೆಳಗಿಂದ ತಂತಿ ದಾಟಿಸುವ ಯೋಚನೆಯನ್ನೇ ಮಾಡಬೇಡಿ. ಊರೊಳಗೆ ಅಷ್ಟು ಜಾಗ ಇಲ್ಲದಿದ್ದರೆ ತಂತಿಯನ್ನೇ 8-10 ಮೀಟರಿಗೆ ಇಳಿಸಿ. ಸಿಗ್ನಲ್ ಸ್ವಲ್ಪ ಕಡಿಮೆ ಆಗುತ್ತದೆ ಅಷ್ಟೇ.

ಲೈನ್ ದೂರದಲ್ಲಿದ್ದರೂ ಅದಕ್ಕೆ ಸಮಾನಾಂತರವಾಗಿ ತಂತಿ ಎಳೆಯಬೇಡಿ. ಅಡ್ಡಕ್ಕೆ ಎಳೆಯಿರಿ, ಗದ್ದಲ ಕಡಿಮೆ ಆಗುತ್ತದೆ. ತಂತಿಯ ಮನೆ ಕಡೆಯ ತುದಿಯೂ ಗೋಡೆಯಿಂದ ಹತ್ತು ಮೀಟರ್ ದೂರ ಇದ್ದರೆ ಒಳ್ಳೆಯದು. ಮಣ್ಣಿನ ಮಾಳಿಗೆ ಮನೆಯಾದರೆ ಮೇಲೆ ಕಂಬ ನೆಡಲು ಅಗೆಯಲೇಬೇಡಿ. ಮಳೆಗಾಲದಲ್ಲಿ ಸೋರುವುದು ಅಲ್ಲಿಂದಲೇ.

## ಹಂತ 3: ಅರ್ಥಿಂಗ್

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಈ ರೀತಿಯ ಒಂಟಿ ತಂತಿ ಆಂಟೆನಾಗೆ ಭೂಮಿಯೇ ಇನ್ನೊಂದು ಅರ್ಧ. ಅದು ಇಲ್ಲದಿದ್ದರೆ ಕೇಬಲ್ಲಿನ ಹೊರಜಾಲರಿಯೇ ಆ ಅರ್ಧವಾಗಿ ಕೆಲಸ ಮಾಡುತ್ತದೆ. ಆಗ ಮನೆಯೊಳಗಿನ ಗದ್ದಲವೆಲ್ಲ ಅದರ ಮೂಲಕ ಹತ್ತಿ ಬರುತ್ತದೆ.

ಮನೆಯ ವೈರಿಂಗಿನ ಅರ್ಥಿಂಗಿಗೆ ಜೋಡಿಸಬೇಡಿ, ಅದು ಮನೆಯ ಗದ್ದಲವನ್ನು ಹೊತ್ತುಕೊಂಡೇ ಇರುತ್ತದೆ. ಆಂಟೆನಾದ ಬುಡದಲ್ಲೇ ಬೇರೆ ರಾಡ್ ಹೊಡೆಯಿರಿ. ಎರಡು ರಾಡ್ ಹಾಕಿದರೆ ನಡುವೆ ಎರಡು ಮೀಟರ್ ಅಂತರ ಬಿಟ್ಟು ಬರಿ ತಾಮ್ರದ ತಂತಿಯಿಂದ ಸೇರಿಸಿ.

ನಮ್ಮ ಎರೆ ಭೂಮಿಯ ವಿಷಯ ಇಲ್ಲಿ ಬಿಡಿಸಿ ಹೇಳಬೇಕು. ಹಸಿ ಇದ್ದಾಗ ಎರೆ ಮಣ್ಣಿನಷ್ಟು ಒಳ್ಳೆಯ ಅರ್ಥಿಂಗ್ ಸಿಗುವುದು ಕಷ್ಟ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ರಾಡಿನ ಬುಡ ನೋಡಿ: ಸುತ್ತ ಬೆರಳು ತೂರುವಷ್ಟು ಸಂದು ಬಿದ್ದಿರುತ್ತದೆ. ಮೇಲಿನ ಒಂದು ಅಡಿ ರಾಡ್ ಮಣ್ಣಿಗೆ ತಾಗಿಯೇ ಇರುವುದಿಲ್ಲ. ಚಳಿಗಾಲದಲ್ಲಿ ಚೆನ್ನಾಗಿ ಕೇಳುತ್ತಿದ್ದ ರೇಡಿಯೋ ಬೇಸಿಗೆಯಲ್ಲಿ ಕೆಟ್ಟಿತು ಅನ್ನುವವರಲ್ಲಿ ಎಷ್ಟೋ ಜನರದ್ದು ಈ ಸಂದಿನ ಸಮಸ್ಯೆ. ಪರಿಹಾರ ಸುಲಭ. ಬಚ್ಚಲ ನೀರು ಹರಿಯುವ ಕಡೆ, ಅಥವಾ ದಿನಾ ನೀರು ಹಾಕುವ ಗಿಡದ ಬುಡದಲ್ಲಿ ರಾಡ್ ಹೊಡೆಯಿರಿ. ಅಂಥ ಜಾಗ ಇಲ್ಲದಿದ್ದರೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ, ಸಂದಿಗೆ ಹಸಿ ಮಣ್ಣು ತುಂಬಿ ತುಳಿಯಿರಿ. ಉಪ್ಪು ಸುರಿಯುವ ಅಭ್ಯಾಸ ಬೇಡ, ರಾಡನ್ನು ತಿನ್ನುತ್ತದೆ.

ಬಾದಾಮಿ, ಇಳಕಲ್ ಕಡೆ ಅರ್ಧ ಅಡಿಗೇ ಬಂಡೆ ಸಿಗುವ ಜಾಗಗಳಿವೆ. ಅಲ್ಲಿ ರಾಡ್ ಇಳಿಯುವುದಿಲ್ಲ. ಸುಮ್ನೆ ಸುತ್ತಿಗೆ ಬಡಿದು ರಾಡ್ ಬಗ್ಗಿಸುವ ಬದಲು, ಆರೇಳು ಮೀಟರಿನ ನಾಲ್ಕೈದು ತಾಮ್ರದ ತಂತಿಗಳನ್ನು ಬುಡದಿಂದ ಚಕ್ರದ ಕಡ್ಡಿಗಳಂತೆ ನೆಲದ ಮೇಲೆ ಹರಡಿ, ಕಾಲಿಗೆ ತೊಡರದಂತೆ ಮಣ್ಣು ಮುಚ್ಚಿ. ರೇಡಿಯೋ ಕೇಳುವ ಮಟ್ಟಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ಅರ್ಥಿಂಗ್ ಸರಿಯಿದೆಯಾ ನೋಡಲು ಫೇಸ್‌ನಿಂದ ರಾಡಿಗೆ ಬಲ್ಬು ಹಚ್ಚುವ ರೂಢಿ ಹಲವು ಕಡೆ ಇದೆ. ದಯವಿಟ್ಟು ಮಾಡಬೇಡಿ. ಆ ಹೊತ್ತಿನಲ್ಲಿ ರಾಡ್, ತಂತಿ, ಒದ್ದೆ ನೆಲ ಎಲ್ಲದರಲ್ಲೂ ಕರೆಂಟ್ ಇರುತ್ತದೆ.

## ಹಂತ 4: ಟ್ರಾನ್ಸ್‌ಫಾರ್ಮರ್ ಬಾಕ್ಸ್

ಉದ್ದ ತಂತಿಯ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಜಾಸ್ತಿ, ಕೇಬಲ್ಲಿನದು ಕಡಿಮೆ. ನಡುವೆ ಇಂಪೀಡೆನ್ಸನ್ನು ಒಂಬತ್ತಕ್ಕೆ ಒಂದರಂತೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು; ಸುತ್ತಿನ ಲೆಕ್ಕದಲ್ಲಿ ಅದು ಮೂರಕ್ಕೆ ಒಂದು. ಫೆರೈಟ್ ಉಂಗುರಕ್ಕೆ ಎನಾಮಲ್ ತಂತಿಯಿಂದ ಮೊದಲು 15 ಸುತ್ತು ಹಾಕಿ. ಅದಕ್ಕೆ ತಾಗದಂತೆ ಬೇರೆ ತುಂಡಿನಿಂದ 5 ಸುತ್ತು ಹಾಕಿ. ಉಂಗುರದ ತೂತಿನೊಳಗೆ ತಂತಿ ಎಷ್ಟು ಸಲ ಹೋಯಿತೋ ಅಷ್ಟೇ ಸುತ್ತು. ಹೊರಗಿನಿಂದ ಎಣಿಸಿ ತಪ್ಪುವವರು ಬಹಳ.

15 ಸುತ್ತಿನ ಒಂದು ತುದಿ ಆಂಟೆನಾ ತಂತಿಗೆ, ಇನ್ನೊಂದು ತುದಿ ಅರ್ಥಿಂಗ್ ರಾಡಿಗೆ. 5 ಸುತ್ತಿನ ಎರಡೂ ತುದಿ ಎಫ್ ಸಾಕೆಟ್ಟಿಗೆ, ಒಂದು ನಡುವಿಗೆ, ಒಂದು ಹೊರಮೈಗೆ. ಎರಡು ಸುರುಳಿಗಳು ಎಲ್ಲಿಯೂ ಒಂದಕ್ಕೊಂದು ಸೇರಬಾರದು. ಮನೆಯ ಗದ್ದಲ ಕೇಬಲ್ ಹಿಡಿದು ತಂತಿಗೆ ಹತ್ತುವುದನ್ನು ತಡೆಯುವುದು ಈ ಬೇರ್ಪಡೆಯೇ. ಎನಾಮಲ್ ಕೆರೆದ ಮೇಲೆ ಮಾತ್ರ ಬೆಸುಗೆ ಹಾಕಿ. ಮಲ್ಟಿಮೀಟರಿನಲ್ಲಿ ಪ್ರತಿ ಸುರುಳಿಯ ಎರಡು ತುದಿ ಬೀಪ್ ಅನ್ನಬೇಕು, ಒಂದು ಸುರುಳಿಯಿಂದ ಇನ್ನೊಂದಕ್ಕೆ ಬೀಪ್ ಬರಬಾರದು. ಎರಡೂ ಆದರೆ ಬಾಕ್ಸ್ ಸಿದ್ಧ.

ಆರ್‌ಜಿ-6 ಕೇಬಲ್ಲಿನ ಹೊರಜಾಲರಿ ಸಾಮಾನ್ಯವಾಗಿ ಅಲ್ಯೂಮಿನಿಯಂ. ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ತಿಂಗಳೊಳಗೆ ಬಿಡುತ್ತದೆ. ಎಫ್ ಕನೆಕ್ಟರ್ ತಿರುಗಿಸುವುದೇ ಸರಿ.

ಬಾಕ್ಸಿನ ಎಲ್ಲ ತೂತುಗಳೂ ತಳದಲ್ಲೇ ಇರಲಿ, ಮೇಲೆ ಬೇಡ. ನೀರಿಳಿಯಲು ತಳದಲ್ಲಿ ಇನ್ನೊಂದು ಸಣ್ಣ ತೂತು ಬಿಡಿ. ಇರುವೆ, ಕಣಜ ಗೂಡು ಕಟ್ಟದಂತೆ ಅದಕ್ಕೆ ಸೊಳ್ಳೆ ಪರದೆಯ ತುಂಡು ಅಂಟಿಸಿ. ಹಂತ 6ರಲ್ಲಿ ನಿಲ್ಲಿಸುವ ಆಂಟೆನಾ ಕಂಬದ ಬುಡದಲ್ಲಿ, ಮೊಣಕಾಲೆತ್ತರಕ್ಕೆ ಬಾಕ್ಸ್ ಕೂರಿಸಿ. ಇಲ್ಲಿಂದ ರಾಡಿಗೆ ಹೋಗುವ ತಂತಿ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

## ಹಂತ 5: ಸಿಡಿಲಿನ ಏರ್ಪಾಡು, ತಂತಿ ಏರುವ ಮೊದಲೇ

ಏಪ್ರಿಲ್-ಮೇ ತಿಂಗಳ ಅಡ್ಡಮಳೆ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್. ಈ ಎರಡು ಕಾಲದಲ್ಲಿ ನಮ್ಮ ಕಡೆ ಸಿಡಿಲಿನ ಭಯ ಹೆಚ್ಚು. ಬಯಲು ಹೊಲದಲ್ಲಿ ಎತ್ತರಕ್ಕೆ ಕಟ್ಟಿದ ತಂತಿ ಅದಕ್ಕೆ ದಾರಿಯಾಗಬಹುದು.

ಕೇಬಲ್ಲನ್ನು ರೇಡಿಯೋ ಹತ್ತಿರ ಮಾತ್ರ ಬಿಚ್ಚಿಟ್ಟರೆ ಸಾಲದು, ಸಿಡಿಲು ಮನೆಯೊಳಗೆ ಬಂದು ಬಿಚ್ಚಿದ ತುದಿಯಲ್ಲಿ ಹಾರುತ್ತದೆ. ಹೊರಗೆ, ಬಾಕ್ಸಿನ ಹತ್ತಿರವೇ ಕೇಬಲ್ ಬಿಚ್ಚಿ ಎರಡು ಮೀಟರ್ ಆಚೆ ಇಡಬೇಕು. ಆಂಟೆನಾ ತಂತಿ ಬಾಕ್ಸಿಗೆ ಸೇರುವಲ್ಲಿ ರೆಕ್ಕೆ ನಟ್ ಇರುವ ಬೋಲ್ಟ್ ಹಾಕಿ. ಕೇಳದ ಹೊತ್ತಿನಲ್ಲಿ ಅಲ್ಲಿಂದ ರಾಡಿಗೆ ದಪ್ಪ ತಂತಿಯೊಂದನ್ನು ನೇರವಾಗಿ ಬಿಗಿಯಿರಿ.

ಮೋಡ ಕಂಡ ಮೇಲೆ ಬಿಚ್ಚಿದರಾಯ್ತು ಅನ್ನಬೇಡಿ. ಆ ತಿಂಗಳುಗಳಲ್ಲಿ ಕೇಳಿ ಮುಗಿಸಿದ ಕೂಡಲೇ ಬಿಚ್ಚುವ ರೂಢಿ ಮಾಡಿಕೊಳ್ಳಿ. ಗುಡುಗು ಒಮ್ಮೆ ಕೇಳಿಸಿದರೆ ಬಾಕ್ಸಿನ ಹತ್ತಿರ ಹೋಗಲೇಬಾರದು, ಕೇಬಲ್ ಮುಟ್ಟಲೂಬಾರದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಅಂಗಡಿಯಲ್ಲಿ ಸಿಗುವ, ಸಿಡಿಲು ತಡೆಯುವ ಅರೆಸ್ಟರ್ ಹಾಕಿದರೂ ನೇರ ಸಿಡಿಲಿಗೆ ಅದು ನಿಲ್ಲುವುದಿಲ್ಲ.

## ಹಂತ 6: ತಂತಿ ಏರಿಸಿ

ಗಾಳಿಯಿಲ್ಲದ ಬೆಳಗಿನ ಹೊತ್ತು ಆರಿಸಿಕೊಳ್ಳಿ. ಜೊತೆಗೆ ಇನ್ನೊಬ್ಬರು ಇರಲೇಬೇಕು.

ಒಂದು ತುದಿಗೆ 6 ಮೀಟರಿನ ಕಂಬ, ಇನ್ನೊಂದಕ್ಕೆ ಬೇವಿನ ಮರ ಇದ್ದರೆ ಸಾಕು. ಕಂಬಕ್ಕೆ ಮೂರು ದಿಕ್ಕಿಗೆ ಸಮಾನ ಅಂತರದಲ್ಲಿ ಹಗ್ಗದ ಬಿಗಿತ ಕೊಡಿ. ಎರೆ ಮಣ್ಣಿನಲ್ಲಿ ಬರೀ ಗುಂಡಿ ತೋಡಿ ನಿಲ್ಲಿಸಿದ ಕಂಬ ಒಂದೇ ಮಳೆಗಾಲಕ್ಕೆ ವಾಲುತ್ತದೆ. ಮರಕ್ಕೆ ಹಗ್ಗ ದಾಟಿಸಲು ಹತ್ತುವುದು ಬೇಡ. ತೆಳು ದಾರಕ್ಕೆ ಸಣ್ಣ ಕಲ್ಲು ಕಟ್ಟಿ ಕೊಂಬೆಯ ಮೇಲಿಂದ ಎಸೆಯಿರಿ. ಆ ದಾರದ ತುದಿಗೆ ಹಗ್ಗ ಕಟ್ಟಿ ಎಳೆದುಕೊಳ್ಳಿ. ಕಲ್ಲು ಬೀಳುವ ಕಡೆ ಯಾರೂ ಇಲ್ಲ ಅಂತ ನೋಡಿಕೊಂಡು ಎಸೆಯಿರಿ.

ತಂತಿಯನ್ನು ಕೊಂಬೆಗೆ ನೇರವಾಗಿ ಕಟ್ಟಬೇಡಿ. ತಂತಿ, ಆಮೇಲೆ ಇನ್ಸುಲೇಟರ್, ಆಮೇಲೆ ಹಗ್ಗ. ಮರದ ಕಡೆಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ತುದಿಗೆ ಅರ್ಧ ನೀರು ತುಂಬಿದ ಕ್ಯಾನ್ ತೂಗಬಿಡಿ. ಗಾಳಿಗೆ ಮರ ತೂಗಿದಾಗ ಕ್ಯಾನ್ ಮೇಲೆ ಕೆಳಗೆ ಆಡುತ್ತದೆ, ತಂತಿ ಕಡಿಯುವುದಿಲ್ಲ. ಬೇಸಿಗೆ ಬಿಸಿಲಿಗೆ ತಂತಿ ಹಿಗ್ಗುತ್ತದೆ ಅಂತ ಕೆಲವರು ಹೆದರುತ್ತಾರೆ. 20 ಮೀಟರ್ ತಾಮ್ರ 25 ಡಿಗ್ರಿ ಏರಿಕೆಗೆ ಹಿಗ್ಗುವುದು ಒಂದು ಸೆಂಟಿಮೀಟರಿಗೂ ಕಡಿಮೆ. ತಂತಿ ಕಡಿಯುವುದು ಬಿಸಿಲಿಗಲ್ಲ, ಮರದ ತೂಗಾಟಕ್ಕೆ. ಬಾದಾಮಿಯಂತೆ ಮಂಗಗಳಿರುವ ಕಡೆಗಂತೂ ಈ ಕ್ಯಾನಿನ ಏರ್ಪಾಡು ಬೇಕೇ ಬೇಕು.

ಕಂಬದ ಬುಡದ ಬಾಕ್ಸಿನಿಂದ ತಂತಿ ನೇರ ಮೇಲೇರಿ, ಅಲ್ಲಿಂದ ಮರದ ಕಡೆಗೆ ಅಡ್ಡ ಹೋಗಲಿ. ನಡುವೆ ಎಲ್ಲಿಯೂ ತುಂಡು ಸೇರಿಸಬೇಡಿ. ಕಬ್ಬಿಣದ ಕಂಬವಾದರೆ ಮೇಲೇರುವ ತಂತಿಯನ್ನು ಕಂಬದಿಂದ ಒಂದು ಗೇಣು ದೂರ ಹಿಡಿಯಿರಿ.

## ಹಂತ 7: ಕೇಬಲ್ ಮನೆಗೆ

ಕೇಬಲ್ಲನ್ನು ಪಿವಿಸಿ ಪೈಪಿನೊಳಗೆ ಹಾಕಿ ಅರ್ಧ ಅಡಿ ಆಳದಲ್ಲಿ ಹೂತರೆ ಹೆಗ್ಗಣದ ಕಾಟ ಇಲ್ಲ. ಪೈಪಿನ ಬಾಯಿಗೂ ಜಾಳಿಗೆ ಕಟ್ಟಿ. ಗೋಡೆಯೊಳಗೆ ಹೋಗುವ ಮುಂಚೆ ಕೇಬಲ್ ಒಮ್ಮೆ ಕೆಳಗೆ ಇಳಿದು ಆಮೇಲೆ ಏರಲಿ. ಮಳೆನೀರು ಆ ಬಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಹೊರಗಿನ ಕನೆಕ್ಟರಿಗೆ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಪ್ರತಿ ಸಲ ಬಿಚ್ಚುವ ಬಾಕ್ಸಿನ ಕನೆಕ್ಟರಿಗೆ ಟೇಪ್ ಆಗುವುದಿಲ್ಲ, ಅದರ ಮೇಲೆ ಅಗಲ ಬಾಯಿಯ ಬಾಟಲಿಯ ಅರ್ಧ ಭಾಗ ಕವಚಿಡಿ.

## ಹಂತ 8: ರೇಡಿಯೋಗೆ ಜೋಡಿಸಿ, ಪರೀಕ್ಷೆ ಮಾಡಿ

ಎರಡು ಕಡೆ ಜನ ಎಡವುತ್ತಾರೆ.

ಮೊದಲನೆಯದು: ಎಷ್ಟೋ ಸಣ್ಣ ರೇಡಿಯೋಗಳಲ್ಲಿ ಆಂಟೆನಾ ಜಾಕ್ ಕೆಲಸ ಮಾಡುವುದು ಶಾರ್ಟ್ ವೇವ್, ಎಫ್‌ಎಂಗೆ ಮಾತ್ರ. ಮೀಡಿಯಂ ವೇವ್ ಒಳಗಿನ ಫೆರೈಟ್ ಕಡ್ಡಿಯಿಂದಲೇ ಬರುತ್ತದೆ. ಹಾಗಿದ್ದರೆ ರೇಡಿಯೋ ಬಿಚ್ಚಬೇಡಿ. ಆ ಕಡ್ಡಿ ನಡುವೆ ಬರುವಂತೆ ರೇಡಿಯೋದ ಮೈಗೆ ವೈರನ್ನು ಎಂಟು-ಹತ್ತು ಸುತ್ತು ಸುತ್ತಿ. ಆ ಸುತ್ತಿನ ಎರಡು ತುದಿಯನ್ನು ಕೇಬಲ್ಲಿನ ನಡು ತಂತಿಗೂ ಹೊರಜಾಲರಿಗೂ ಸೇರಿಸಿ. ಕಡ್ಡಿ ಹೆಚ್ಚಾಗಿ ಮೇಲ್ಭಾಗದಲ್ಲಿ ಉದ್ದಕ್ಕೆ ಮಲಗಿರುತ್ತದೆ.

ಎರಡನೆಯದು: ಟ್ಯೂನಿಂಗ್ ಹೆಜ್ಜೆ. ನಮ್ಮಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳು 9 ಕಿಲೋಹರ್ಟ್ಸ್ ಅಂತರದಲ್ಲಿರುತ್ತವೆ. ಡಿಜಿಟಲ್ ರೇಡಿಯೋ ಅಮೆರಿಕದ ರೀತಿ 10ಕ್ಕೆ ಸೆಟ್ ಆಗಿದ್ದರೆ ಯಾವ ಆಂಟೆನಾ ಹಾಕಿದರೂ ಹೆಚ್ಚಿನ ಸ್ಟೇಷನ್‌ಗಳ ಧ್ವನಿ ಒಡೆದೇ ಬರುತ್ತದೆ. ಧಾರವಾಡ 765, ಬೆಂಗಳೂರು 612, ಭದ್ರಾವತಿ 675, ಕಲಬುರಗಿ 1107. ನೋಡಿ, ಎಲ್ಲವೂ 9ರಿಂದ ಭಾಗವಾಗುತ್ತವೆ. ರೇಡಿಯೋ 760ರಿಂದ 770ಕ್ಕೆ ಹಾರುತ್ತಿದ್ದರೆ ಸೆಟ್ಟಿಂಗ್ 9ಕ್ಕೆ ಬದಲಿಸಿ.

ಪರೀಕ್ಷೆ ಹಗಲು ಒಮ್ಮೆ, ರಾತ್ರಿ ಒಮ್ಮೆ ಮಾಡಿ. ಹಗಲಿನಲ್ಲಿ ಆಕಾಶದ ಕೆಳಗಿನ ಪದರ ಮೀಡಿಯಂ ವೇವನ್ನು ನುಂಗುತ್ತದೆ, ಹತ್ತಿರದ ಸ್ಟೇಷನ್ ಮಾತ್ರ ನೆಲದ ಗುಂಟ ಬರುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗಿ ದೂರದವು ಬರತೊಡಗುತ್ತವೆ. ವಿಜಯಪುರದಿಂದ ಬೆಂಗಳೂರು ನೇರ ದೂರದಲ್ಲೇ 450 ಕಿಲೋಮೀಟರಿಗೂ ಹೆಚ್ಚು. ಮಧ್ಯಾಹ್ನ 612 ಹುಡುಕಿ ಆಂಟೆನಾ ಕೆಟ್ಟಿದೆ ಅನ್ನಬೇಡಿ. ಶಾರ್ಟ್ ವೇವ್‌ನಲ್ಲಿ ರಾತ್ರಿ 49, 41, 31 ಮೀಟರ್ ಬ್ಯಾಂಡ್, ಹಗಲು 25, 19 ಮೀಟರ್ ನೋಡಿ.

ಒಂದೇ ಸ್ಟೇಷನ್ನನ್ನು ಆಂಟೆನಾ ಹಾಕಿ, ತೆಗೆದು, ಹತ್ತು ನಿಮಿಷ ಹೋಲಿಸಿ. ನೋಡಬೇಕಾದ್ದು ಸದ್ದು ಜೋರಾಯಿತಾ ಅಂತ ಅಲ್ಲ, ಮಾತು ಬಿಡಿಸಿ ಕೇಳುತ್ತಿದೆಯಾ ಅಂತ. ಮೊದಲು ರೇಡಿಯೋವನ್ನು ಸೆಲ್ಲಿನ ಮೇಲೆ ನಡೆಸಿ. ಅಡಾಪ್ಟರ್ ಹಾಕಿದಾಗ ಗರಗರ ಬಂದರೆ ತಪ್ಪು ಅಡಾಪ್ಟರಿನದು.

## ಕೆಟ್ಟಾಗ ಎಲ್ಲಿ ನೋಡಬೇಕು

ಒಂದೇ ಸ್ಟೇಷನ್ ಡಯಲ್ಲಿನ ಮೂರ್ನಾಲ್ಕು ಕಡೆ ಕೇಳಿದರೆ ರೇಡಿಯೋಗೆ ಸಿಗ್ನಲ್ ಅತಿಯಾಗಿದೆ. ಧಾರವಾಡಕ್ಕೆ ಹತ್ತಿರದ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳಲ್ಲಿ ಹೀಗಾಗುವುದು ಜಾಸ್ತಿ. ಲೋಕಲ್-ಡಿಎಕ್ಸ್ (ಹತ್ತಿರದ್ದು-ದೂರದ್ದು) ಸ್ವಿಚ್ ಇದ್ದರೆ ಲೋಕಲ್‌ಗೆ ಹಾಕಿ, ಇಲ್ಲದಿದ್ದರೆ ತಂತಿ ಗಿಡ್ಡ ಮಾಡಿ.

ಗದ್ದಲ ಹಠಾತ್ತನೆ ಏರಿದರೆ ಮನೆಗೋ ಪಕ್ಕದ ಮನೆಗೋ ಹೊಸ ಬಲ್ಬು, ಹೊಸ ಸೋಲಾರ್ ಬಂದಿದೆಯಾ ನೋಡಿ. ನಿಧಾನವಾಗಿ ಏರಿದರೆ ಅರ್ಥಿಂಗ್ ನೋಡಿ. ಮಳೆ ಬಂದ ಮರುದಿನ ಮಾತ್ರ ಸಿಗ್ನಲ್ ಕುಗ್ಗಿದರೆ ಕೇಬಲ್ಲಿಗೆ ನೀರು ಹೊಕ್ಕಿದೆ. ಕನೆಕ್ಟರ್ ಬಿಚ್ಚಿ ಜಾಲರಿ ನೋಡಿ. ಹೊಳಪು ಹೋಗಿ ಬಿಳಿ ಪುಡಿ ಕಂಡರೆ ಒಳ್ಳೆಯ ಭಾಗ ಸಿಗುವವರೆಗೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ.

ವರ್ಷಕ್ಕೊಮ್ಮೆ, ರೋಹಿಣಿ ಮಳೆ ಬೀಳುವ ಮೊದಲು, ಮೋಡವಿಲ್ಲದ ದಿನ ಹಗ್ಗ ಇಳಿಸಿ ನೋಡಿ. ಬಿಸಿಲಿಗೆ ನೈಲಾನ್ ಹಗ್ಗದ ಎಳೆ ಪುಡಿ ಉದುರುತ್ತಿದ್ದರೆ ಅದೇ ದಿನ ಬದಲಿಸಿ. ರಾಡಿನ ಕ್ಲ್ಯಾಂಪ್ ಬಿಚ್ಚಿ, ಹಸಿರು ಪಾಚಿಯಂಥ ಕಿಲುಬು ಉಜ್ಜಿ ತೆಗೆದು, ಮತ್ತೆ ಬಿಗಿಯಿರಿ.